ಬಿದ್ದ ಮನೆ ಯಾರದು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಅವರು 2019ರ ಆಗಸ್ಟ್ ತಿಂಗಳನ್ನು ಕಂಡಿದ್ದರೆ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು: ಬಿದ್ದ ಮನೆಗೆ ಪರಿಹಾರ ತಂದು ನೋಡು. ಅದರಲ್ಲೂ ಹೆಣ್ಣಾಗಿ ತಂದು ನೋಡು.

ನಾನು ಬೆಳಗಾವಿಯಿಂದ ಖಾನಾಪುರದ ಕಡೆಗೆ ದಿನವೂ ಓಡಾಡುವ ಶಿಕ್ಷಕಿ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು, ಪೀರನವಾಡಿ, ಮಚ್ಛೆ ದಾಟಿ ಹೋಗುವ ಬಸ್ಸಿನಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಆ ವರ್ಷ ನಾಗರಪಂಚಮಿ ಆಗಸ್ಟ್ 5, ಸೋಮವಾರ ಬಂದಿತ್ತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರುವುದು, ಜೋಕಾಲಿ ಜೀಕುವುದು, ಉಂಡಿ ಹಂಚುವುದು. ಆ ಸಲ ಮಾತ್ರ ಜೋಕಾಲಿ ಕಟ್ಟುವ ಗಿಡದ ಹತ್ತಿರವೂ ಯಾರೂ ಹೋಗಲಾಗಲಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರಕ್ಕೆ ಬರುವಾಗ ಇನ್ನೂ ಎಳೆಯ ನದಿ. ಬೇಸಿಗೆಯಲ್ಲಿ ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಾರೆ, ಹುಡುಗರು ನಡೆದೇ ದಾಟುತ್ತಾರೆ. ಆ ವಾರ ಅದೇ ನದಿ ದಂಡೆ ಮೀರಿ ಊರೊಳಗೆ ಬಂತು. ಇತ್ತ ಬೆಳಗಾವಿ ನಗರದಲ್ಲಿಯೂ ಬಳ್ಳಾರಿ ನಾಲೆ ಉಕ್ಕಿತು. ನೇಕಾರರ ಮನೆಗಳಲ್ಲಿ ಮಗ್ಗದ ಗುಂಡಿಗಳು ನೀರಿನಿಂದ ತುಂಬಿದವು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳನ್ನು ಮಕ್ಕಳು ಮಾವಶಿ ಎಂದು ಕರೆಯುತ್ತಾರೆ. ಕನ್ನಡದ ಮಕ್ಕಳೂ ಹಾಗೆಯೇ ಕರೆಯುತ್ತಾರೆ, ಮರಾಠಿಯ ಮಕ್ಕಳೂ ಹಾಗೆಯೇ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ತಿಂಗಳಿಗೆ 2,600 ರೂಪಾಯಿ ಗೌರವಧನದಲ್ಲಿ ಮಗಳನ್ನು ಓದಿಸುತ್ತಿದ್ದಳು. ಅವಳದು ಮಣ್ಣಿನ ಗೋಡೆಯ, ಹೆಂಚಿನ ಮನೆ. ಮಣ್ಣಿನ ಗೋಡೆಯ ಸ್ವಭಾವ ನಿಮಗೆ ಗೊತ್ತಿರಬಹುದು. ನೀರು ನಿಂತಾಗ ತಡೆದುಕೊಂಡಿರುತ್ತದೆ, ನೀರು ಇಳಿದ ಮೇಲೆ ಕುಸಿಯುತ್ತದೆ. ಅವಳ ಮನೆಯೂ ಹಾಗೆಯೇ ಬಿತ್ತು. ಪುಣ್ಯಕ್ಕೆ ತಾಯಿ ಮಗಳಿಬ್ಬರೂ ಆಗ ಶಾಲೆಯ ಪರಿಹಾರ ಕೇಂದ್ರದಲ್ಲಿದ್ದರು. ಜನ ಅದನ್ನು ಗಂಜಿ ಕೇಂದ್ರ ಎಂದರು. ಗಂಜಿ ಕಾಯಿಸುತ್ತಿದ್ದವಳು ಇವಳೇ. ತನ್ನ ಮನೆ ಬಿದ್ದ ಸುದ್ದಿ ಬಂದ ದಿನವೂ ನೂರಾರು ಜನರಿಗೆ ಅನ್ನ ಬಸಿದು, ಆಮೇಲೆ ನೋಡಲು ಹೋದಳು.

ಸರಕಾರ ಏನೂ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಸುಳ್ಳು ಹೇಳಿ ಬಯ್ಯುವುದು ಶಿಕ್ಷಕಿಗೆ ತಕ್ಕದ್ದಲ್ಲ. ವಿಪತ್ತು ಪರಿಹಾರ ನಿಧಿಯ ಅಂದಿನ ನಿಯಮದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೂ ಸಿಗುತ್ತಿದ್ದುದು 95,100 ರೂಪಾಯಿ. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಅದನ್ನು 5 ಲಕ್ಷಕ್ಕೆ ಏರಿಸಿದರು. ನೀರು ಹೊಕ್ಕ ಮನೆಯ ಬಟ್ಟೆಗೆ 1,800, ಪಾತ್ರೆ ಪಗಡಕ್ಕೆ 2,000, ಒಟ್ಟು 3,800 ಎಂಬುದು ಆ ನಿಯಮದ ಲೆಕ್ಕ. ಎರಡು ಸಾವಿರದಲ್ಲಿ ಒಂದು ಕುಕ್ಕರು, ಒಂದು ಹಂಚು, ನಾಲ್ಕು ತಾಟು ಬಂದರೆ ಕೊಡಕ್ಕೆ ಹಣ ಉಳಿಯುವುದಿಲ್ಲ. ಈ ಲೆಕ್ಕ ಬರೆದವರು ಎಂದೂ ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಅದಕ್ಕೂ ರಾಜ್ಯ ತನ್ನ 6,200 ಸೇರಿಸಿ 10,000 ಮಾಡಿತು. ಇದನ್ನು ಒಪ್ಪಲೇಬೇಕು. ರಾಜ್ಯ 35,000 ಕೋಟಿಗೂ ಹೆಚ್ಚು ಹಾನಿ ಎಂದದ್ದು, ಕೇಂದ್ರ ಅಕ್ಟೋಬರಿನಲ್ಲಿ 1,200 ಕೋಟಿ ಬಿಟ್ಟದ್ದು ದೊಡ್ಡವರ ಜಗಳ. ನನ್ನ ಜಗಳ ಹಣ ಮಂಜೂರಾದ ಮೇಲೆ ಶುರುವಾಗುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಇಲ್ಲಿ ಪೂಜಾರಿಯ ಹೆಸರು ಉತಾರ.

ಪಂಚನಾಮೆಗೆ ಬಂದವರು ಮನೆಗಳಿಗೆ ದರ್ಜೆ ಕೊಟ್ಟರು. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದಿದ್ದರೆ ಎ, ಕಾಲಿನಿಂದ ಮುಕ್ಕಾಲರವರೆಗೆ ಬಿ, ಅದಕ್ಕಿಂತ ಕಡಿಮೆಯಾದರೆ ಸಿ. ನಾನೂ ಮಕ್ಕಳಿಗೆ ಎ, ಬಿ, ಸಿ ಕೊಡುವವಳು. ನಮ್ಮಲ್ಲಿ ಎ ಎಂದರೆ ನಗು, ಅಲ್ಲಿ ಎ ಎಂದರೆ ನೆಲಸಮ. ಮಾವಶಿಯ ಮನೆಗೆ ಎ ಸಿಕ್ಕಿತು. ಬದುಕಿನಲ್ಲಿ ಮೊದಲ ಸಲ ಎ ಬಂತು ನೋಡ್ರಿ ಅಕ್ಕೋರ ಎಂದು ಅವಳೇ ನಕ್ಕಳು.

ನಗು ಹೆಚ್ಚು ದಿನ ಉಳಿಯಲಿಲ್ಲ. ಕಚೇರಿಯ ಮೇಜಿನ ಆಚೆಯವರು ಕಾಗದ ನೋಡಿ ಕೇಳಿದರಂತೆ, “ಯವ್ವಾ, ಉತಾರದಾಗ ನಿನ್ನ ಹೆಸರ ಎಲ್ಲೈತಿ?” ಹೆಸರು ಇದ್ದದ್ದು ಅವಳ ಮಾವನದು. ಆತ ಸತ್ತು ಇಪ್ಪತ್ತು ವರ್ಷವಾಗಿತ್ತು. ಗಂಡನ ಹೆಸರಿಗೇ ವಾರಸಾ ಆಗಿರಲಿಲ್ಲ; ಇನ್ನು ಹೆಂಡತಿಯ ಹೆಸರು ಎಲ್ಲಿಂದ ಬರಬೇಕು? ಮೈದುನ ಹದಿನೈದು ವರ್ಷದಿಂದ ಗೋವಾದಲ್ಲಿದ್ದಾನೆ. ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನ ಒಪ್ಪಿಗೆ ಪತ್ರ ಬೇಕು ಎಂದರು. ಮರಣ ದಾಖಲೆ, ವಂಶವೃಕ್ಷ, ಆಧಾರ್, ಪಾಸ್‌ಬುಕ್ಕು, ಝೆರಾಕ್ಸಿನ ಮೇಲೆ ಝೆರಾಕ್ಸು ಬೇಕಾದವು. ರೇಶನ್ ಕಾರ್ಡು ನೀರಿನಲ್ಲಿ ಮುದ್ದೆಯಾಗಿತ್ತು. ಒಂದೊಂದು ಕಾಗದಕ್ಕೂ ಒಂದೊಂದು ದಿನದ ಅಡುಗೆ ಬಿಟ್ಟು ಹೋಗಬೇಕು.

ಕೊನೆಗೆ ಮೈದುನ ಬಂದ. ಒಪ್ಪಿಗೆ ಕೊಡಲು ಅವನದೊಂದು ಷರತ್ತು: ಫಲಾನುಭವಿ ಎಂದು ತನ್ನ ಹೆಸರೇ ಇರಬೇಕು, ಉತಾರವೂ ತನ್ನ ಹೆಸರಿಗೇ ಆಗಬೇಕು, “ವೈನಿ ಇರೂತನಾ ಅದ್ರಾಗ ಇರಲಿ.” ಊರ ಹಿರಿಯರು ಇದು ನ್ಯಾಯವೇ ಎಂದರು. ತಗಡಿನ ಶೆಡ್ಡಿನಲ್ಲಿ ವಯಸ್ಸಿಗೆ ಬಂದ ಮಗಳನ್ನು ಇಟ್ಟುಕೊಂಡು ಒಂದು ಮಳೆಗಾಲ ಕಳೆದವಳು ಏನು ಮಾಡಬೇಕಿತ್ತು ಹೇಳಿ? ಹೆಬ್ಬೆಟ್ಟಲ್ಲ, ಸಹಿಯನ್ನೇ ಮಾಡಿದಳು. ಏಳನೆಯ ಇಯತ್ತೆ ಓದಿದವಳು ಅವಳು.

ಹಣ ಕಂತಿನಲ್ಲಿ ಬರುತ್ತದೆ. ತಳಪಾಯ ಆಯಿತು ಎಂದರೆ ಒಂದು ಫೋಟೊ, ಲಿಂಟಲ್ ಮಟ್ಟಕ್ಕೆ ಒಂದು, ಛಾವಣಿಗೆ ಒಂದು. ಫಲಾನುಭವಿಯನ್ನು ಮನೆಯ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ತೆಗೆಯುತ್ತಾರೆ. ಮೈದುನ ಗೋವಾದಿಂದ ಮೂರು ಸಲ ಬಂದು, ಮೂರು ಸಲ ನಿಂತು ಹೋದ. ಗೌಂಡಿಗೆ ಚಹಾ ಕಾಸಿದವಳು, ಉಸುಕು ಹೊತ್ತವಳು, ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆದವಳು, ಕಂತು ತಡವಾದಾಗ ಕಿವಿಯ ಬೆಂಡೋಲೆ ಒತ್ತೆ ಇಟ್ಟವಳು ಒಂದು ಫೋಟೊದಲ್ಲಿಯೂ ಇಲ್ಲ. “ನೀರು ಮನ್ಯಾಗ ಬಂತು, ಮನಿ ಹೋತು ಅಕ್ಕೋರ. ಈಗ ಮನಿ ಬಂತು, ನಾನ ಹೋದೆ” ಎಂದು ಅವಳು ಅಂದಾಗ ನನ್ನ ಬಳಿ ಉತ್ತರವಿರಲಿಲ್ಲ.

ಇಲ್ಲಿ ನಮ್ಮ ಬೆಳಗಾವಿಯ ಸುಶಿಕ್ಷಿತ ಗೆಳತಿಯರು ಒಂದು ಮಾತು ಹೇಳುತ್ತಾರೆ. ಹಳದಿ ಕುಂಕುಮಕ್ಕೆ ಹೋದಲ್ಲಿಯೂ ಅದನ್ನು ಕೇಳಿದ್ದೇನೆ. “ಐದು ಲಕ್ಷ ಸಿಗತೈತಿ ಅಂತ ತಾವಽ ಗ್ವಾಡಿ ಕೆಡವ್ಯಾರ ಬಿಡ್ರಿ. ಕಾಗದ ಕೇಳದಽ ಕೊಟ್ಟರ ಎಲ್ಲಾರೂ ಬರತಾರ.” ಸುಳ್ಳು ಹೆಸರುಗಳು ಪಟ್ಟಿಯಲ್ಲಿ ಸೇರಿದ ದೂರುಗಳು ಬಂದದ್ದು ನಿಜ. ಆದರೆ ಯೋಚಿಸಿ ನೋಡಿ. ಮೋಸ ಮಾಡುವವನ ಕಾಗದ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಕಾಗದ ಸರಿಪಡಿಸುವುದೇ ಅವನ ಕಸುಬು. ಕಾಗದದ ಬೇಲಿ ಅವನನ್ನು ತಡೆಯಲಿಲ್ಲ. ಎದುರು ನಿಂತ ವಿಧವೆಯನ್ನು ತಡೆಯಿತು. ಬೆಳೆ ಮೇಯುವ ಗೂಳಿಯನ್ನು ಬಿಟ್ಟು, ಮಾಲಕಿಯನ್ನೇ ಹೊರಗೆ ನಿಲ್ಲಿಸುವ ಬೇಲಿ ಎಂಥ ಬೇಲಿ?

ಎರಡನೆಯ ವಾದ ಕಚೇರಿಯವರದು: ನಿಯಮ ಹಾಗಿದೆ, ನಾವೇನು ಮಾಡುವುದು? ಸ್ವಾಮಿ, ನಿಯಮ ಹಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಂಡನ ಆಸ್ತಿಗೆ ಹೆಂಡತಿಯನ್ನು ಮೊದಲ ವರ್ಗದ ವಾರಸುದಾರಳೆಂದು ಹೇಳುತ್ತದೆ. ನಮ್ಮ ಕರ್ನಾಟಕವಂತೂ ಕೇಂದ್ರಕ್ಕಿಂತ ಮೊದಲೇ, 1994ರಲ್ಲಿ, ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು. ದೆಹಲಿಯವರಿಗೆ ಅದು ಹೊಳೆದದ್ದು 2005ರಲ್ಲಿ. ಕಾಯ್ದೆಯ ಪುಸ್ತಕದಲ್ಲಿ ಮಾವಶಿಗೆ ಪಾಲಿದೆ, ತಲಾಟಿಯ ಪುಸ್ತಕದಲ್ಲಿ ಇಲ್ಲ. ಸೋಲುವುದು ಯಾವಾಗಲೂ ಕಾಯ್ದೆಯ ಪುಸ್ತಕವೇ.

ಇನ್ನೂ ಒಂದು ಮಾತು. ಬಡವರಿಗೆ ಮನೆ ಕೊಡುವ ಬಸವ ವಸತಿಯಂಥ ಯೋಜನೆಗಳಲ್ಲಿ ಮನೆಯನ್ನು ಹೆಣ್ಣುಮಗಳ ಹೆಸರಿಗೆ ಮಂಜೂರು ಮಾಡಬೇಕೆಂದು ಸರಕಾರವೇ ಹೇಳುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿಯೂ ಹೆಂಡತಿಯ ಹೆಸರು, ಇಲ್ಲವೇ ಇಬ್ಬರ ಹೆಸರು. ಸರಿ, ಹೊಸ ಮನೆ ಕೊಡುವಾಗ ನೆನಪಾಗುವ ಹೆಣ್ಣು, ಬಿದ್ದ ಮನೆ ಕಟ್ಟಲು ಹಣ ಕೊಡುವಾಗ ಏಕೆ ಮರೆತುಹೋಗುತ್ತಾಳೆ? ತಮಿಳುನಾಡಿನಲ್ಲಿ 2004ರ ಸುನಾಮಿಯ ನಂತರ ಕಟ್ಟಿಕೊಟ್ಟ ಮನೆಗಳನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿಯೂ ನೋಂದಾಯಿಸುವ ನಿಯಮ ಮಾಡಿದರು. ಸಮುದ್ರದ ದಂಡೆಯಲ್ಲಿ ಆದದ್ದು ಮಲಪ್ರಭೆಯ ದಂಡೆಯಲ್ಲಿ ಆಗಬಾರದೇ?

ನನ್ನ ಬೇಡಿಕೆ ದೊಡ್ಡದಲ್ಲ. ಪಂಚನಾಮೆಗೆ ಬಂದವರು ಗೋಡೆ ಎಷ್ಟು ಬಿದ್ದಿದೆ ಎಂದು ಅಳೆಯುವ ಮೊದಲು ಒಲೆ ಯಾರದು ಎಂದು ಕೇಳಲಿ. ನೀರು ಬರುವ ಹಿಂದಿನ ದಿನ ಆ ಮನೆಯಲ್ಲಿ ಒಲೆ ಹಚ್ಚಿದವಳು ಯಾರು? ನಾಲ್ಕು ಮನೆಯವರನ್ನು ಕೇಳಿದರೆ ಸಾಕು, ಯಾವ ದಾಖಲೆಯೂ ಬೇಡ. ಅವಳ ಹೆಸರನ್ನು ಪಂಚನಾಮೆಯಲ್ಲಿ ಬರೆಯಲಿ, ಹಣ ಅವಳ ಖಾತೆಗೆ ಹೋಗಲಿ, ಕಟ್ಟಿದ ಮನೆಯ ಉತಾರದಲ್ಲಿ ಅವಳ ಹೆಸರೂ ಇರಲಿ. ಮೈದುನನ ಪಾಲು ಮೈದುನನಿಗೇ ಇರಲಿ, ಯಾರೂ ಕಸಿಯುವುದು ಬೇಡ. ಆದರೆ ಪಾಲಿನ ವ್ಯಾಜ್ಯ ಮುಗಿಯುವವರೆಗೆ ತಾಯಿ ಮಗಳು ತಗಡಿನ ಕೆಳಗೆ ಕೂಡಬೇಕೆಂಬುದು ಯಾವ ನ್ಯಾಯ? 2021ರ ಜುಲೈಯಲ್ಲಿ ಮತ್ತೆ ನೀರು ಬಂತು, ಮತ್ತೆ ಮನೆಗಳು ಬಿದ್ದವು. ಮೇಜಿನ ಮೇಲೆ ಮತ್ತೆ ಅದೇ ಪ್ರಶ್ನೆ. ಮುಂದೆಯೂ ನೀರು ಬರುತ್ತದೆ. ನದಿಗೆ ಉತಾರ ತೋರಿಸಿ ನಿಲ್ಲಿಸಲಾಗುವುದಿಲ್ಲ.

ಇಷ್ಟೆಲ್ಲ ಬರೆದವಳು ತನ್ನ ಮನೆಯ ಸಂಗತಿಯನ್ನೂ ಹೇಳಬೇಕಲ್ಲವೇ? ಮಾವಶಿಯ ಕಾಗದ ತಿರುವಿಹಾಕುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ನಮ್ಮ ಟ್ರಂಕು ತೆರೆದೆ. ಬೆಳಗಾವಿಯ ನಮ್ಮ ಮನೆಗೆ ನನ್ನ ಪಗಾರಿನಿಂದ ಹದಿನಾಲ್ಕು ವರ್ಷ ಕಂತು ಕಡಿತವಾಗಿದೆ. ಉತಾರದಲ್ಲಿ ಇದ್ದದ್ದು ಯಜಮಾನರ ಹೆಸರೊಂದೇ. ಬಿ.ಎ., ಬಿ.ಎಡ್. ಮಾಡಿದ ನಾನು, ಮಕ್ಕಳಿಗೆ ಸಮಾನತೆಯ ಪಾಠ ಹೇಳುವ ನಾನು, ಇಷ್ಟು ವರ್ಷ ಅದನ್ನು ಬಿಚ್ಚಿ ಓದಿರಲಿಲ್ಲ. ಓದಿದ ಮೇಲೆ ತಿಳಿಯಿತು: ನನಗೂ ಮಾವಶಿಗೂ ಇರುವ ಅಂತರ ಒಂದು ಸಿಮೆಂಟಿನ ಗೋಡೆಯಷ್ಟೇ.

ಯಜಮಾನರನ್ನು ಕೇಳಿದೆ. ಅವರು ಕೆಟ್ಟವರಲ್ಲ. “ಯಾರ ಹೆಸರಿನಾಗ ಇದ್ದರೇನ? ಎಲ್ಲಾ ಒಂದಽ ಅಲ್ಲೇನು?” ಎಂದರು. “ಒಂದಽ ಆದರ ನನ್ನ ಹೆಸರಿನಾಗೂ ಇರಲಿ” ಎಂದೆ. ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ವಕೀಲರಲ್ಲಿಗೆ ಹೋದೆವು. ಗಂಡ ಹೆಂಡಿರ ನಡುವಿನ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲಿಲ್ಲ, ನಿಗದಿ ಮಾಡಿದ ಸಣ್ಣ ಮೊತ್ತ ಎಂಬುದು ಆಗಲೇ ನನಗೆ ತಿಳಿದದ್ದು. ಒಂದು ರೇಷ್ಮೆ ಸೀರೆಗೆ ಕೊಡುವಷ್ಟೂ ಖರ್ಚಾಗಲಿಲ್ಲ. ಈಗ ಉತಾರದಲ್ಲಿ ಎರಡು ಹೆಸರುಗಳಿವೆ. ಮನೆಯ ಗೋಡೆಯೇನೂ ಬಿರುಕು ಬಿಟ್ಟಿಲ್ಲ.

ಅದಕ್ಕೇ, ಓದುವ ಗೆಳತಿಯರೇ, ಈ ಪುಸ್ತಕವನ್ನು ಮುಚ್ಚಿಟ್ಟು ಒಂದು ಕೆಲಸ ಮಾಡಿ. ಟ್ರಂಕಿನಲ್ಲಿಯೋ, ದೇವರ ಗೂಡಿನ ಕೆಳಗೋ ಇಟ್ಟಿರುವ ನಿಮ್ಮ ಮನೆಯ ಕಾಗದ ತೆಗೆದು ಓದಿ. ಅದರಲ್ಲಿ ನಿಮ್ಮ ಹೆಸರಿದೆಯೇ? ಇಲ್ಲದಿದ್ದರೆ ಈಗಲೇ, ಬಿಸಿಲಿರುವಾಗಲೇ ಕೇಳಿ. ಗೋಡೆ ಬಿದ್ದ ಮೇಲೆ ಕೇಳಿದರೆ ಬೆಲೆ ಹೆಚ್ಚು. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಬರುವವಳಿಗೂ ಇದನ್ನೊಂದು ಸಲ ಹೇಳಿ, ಅವಳ ಕಾಗದ ಓದಿಕೊಡಿ.

ಮಾವಶಿ ಈಗಲೂ ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ತನ್ನ ಪಾಲಿಗಾಗಿ ಅರ್ಜಿ ಹಾಕಿದ್ದಾಳೆ. ಬರೆದುಕೊಟ್ಟವಳು ನಾನು, ಸಹಿ ಅವಳದು. ತಾರೀಖು ಇದ್ದ ದಿನ ಅವಳು ಬೆಳಿಗ್ಗೆಯೇ ಅನ್ನ ಸಾರು ಇಳಿಸಿಟ್ಟು ಹೋಗುತ್ತಾಳೆ, ಬಡಿಸುವ ಕೆಲಸ ನನ್ನದು.