ಬದಲಾವಣೆ ಯಾರ ಅನುಕೂಲಕ್ಕೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದಿರುವ ವಿಂಡೋಸ್ 11, ಚೆನ್ನಾಗಿ ನಡೆಯುತ್ತಿರುವ ಅನೇಕ ಹಳೆಯ ಕಂಪ್ಯೂಟರುಗಳನ್ನು ತನಗೆ ಯೋಗ್ಯವಲ್ಲವೆಂದು ತಳ್ಳಿಹಾಕುತ್ತದೆ. ದೊಡ್ಡ ಶಹರದ ಕಚೇರಿಗಳಿಗೆ ಇದೊಂದು ಖರೀದಿಯ ವಿಚಾರ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳಂತಹ ಪೇಟೆಗಳಲ್ಲಿ ಒಂದು ಕೋಣೆಯ ಅಂಗಡಿಯಿಟ್ಟುಕೊಂಡು, ಕನ್ನಡದ ಮದುವೆ ಕರೆಯೋಲೆ, ಬ್ರಹ್ಮಕಲಶದ ಆಮಂತ್ರಣ, ಪಂಚಾಯತಿಗೆ ಸಲ್ಲಿಸುವ ಅರ್ಜಿ, ಶಾಲೆಯ ಸ್ಮರಣ ಸಂಚಿಕೆ ಇವುಗಳ ಅಕ್ಷರ ಜೋಡಣೆ ಮಾಡಿಕೊಡುವವರಿಗೆ ಮಾತ್ರ ಇದು ಹೊಟ್ಟೆಪಾಡಿನ ವಿಚಾರವಾಗಿದೆ. ಕನ್ನಡ ಕೆಲಸ ಬಲ್ಲವರು ಇಲ್ಲಿ ಊರಿಗೊಬ್ಬರೋ ಇಬ್ಬರೋ. ಅವರಲ್ಲೊಬ್ಬರು ಬೇಸತ್ತು ಕೈಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲವೆಂಬುದು ವಾಚಕರಿಗೆ ತಿಳಿದದ್ದೇ.

ಇವರಲ್ಲಿ ಹಲವರು ಇಂದಿಗೂ 2001ರಲ್ಲಿ ಬಂದ ಪೇಜ್‌ಮೇಕರ್ 7 ಮತ್ತು ‘ನುಡಿ’ಯ ಹಳೆಯ ಆವೃತ್ತಿಯನ್ನೇ ನೆಚ್ಚಿಕೊಂಡಿದ್ದಾರೆ. ಹೊಸದನ್ನು ಕಲಿಯಲು ಸೋಮಾರಿತನವೆಂದು ಇವರನ್ನು ಹಳಿಯುವವರೂ ಇದ್ದಾರೆ. ಈ ಆಪಾದನೆಯನ್ನು ನಾವು ಒಪ್ಪಲಾರೆವು. ಇಪ್ಪತ್ತು ವರ್ಷಗಳಿಂದ ಒಂದೇ ಸ್ಥಳದಲ್ಲಿರುವ ಪಟ್ಟಿಯನ್ನು ನೋಡದೆಯೇ ಮುಟ್ಟಬಲ್ಲ ಕೈ ಒಂದು ಬಂಡವಾಳ. ಪ್ರತಿ ಹೊಸ ಆವೃತ್ತಿಯೂ ಆ ಬಂಡವಾಳದ ಒಂದು ಪಾಲನ್ನು ನುಂಗುತ್ತದೆ. 2007ರ ವರ್ಡ್‌ನಲ್ಲಿ ಪರಿಚಿತ ಪಟ್ಟಿಗಳೆಲ್ಲ ಮಾಯವಾಗಿ ಚಿತ್ರಗಳ ಅಗಲವಾದ ಸಾಲೊಂದು ಬಂದು ಕುಳಿತಿತು. 2012ರ ವಿಂಡೋಸ್ 8ರಲ್ಲಿ ‘ಸ್ಟಾರ್ಟ್’ ಗುಂಡಿಯನ್ನೇ ತೆಗೆದುಹಾಕಿದರು. ಬಳಕೆದಾರರ ಗೊಣಗಾಟ ಹೆಚ್ಚಾದಾಗ ಮರುವರ್ಷ 8.1ರಲ್ಲಿ ಅದನ್ನು ಮರಳಿ ತಂದಿರಿಸಿದರು. ಮನೆಯ ಬಾಗಿಲನ್ನು ಯಜಮಾನನ ಅಪ್ಪಣೆಯಿಲ್ಲದೆ ಹಿತ್ತಿಲಿಗೆ ಸಾಗಿಸಿದಂತಾಯಿತು ಇದು!

ಬದಲಾವಣೆ ಹೀಗೆಯೇ ಆಗಬೇಕೆಂದೇನೂ ಇಲ್ಲ. ಬೇರೆ ದಾರಿಯನ್ನು ಕಾಣಲು ನಾವು ದೂರ ಹೋಗಬೇಕಾಗಿಯೂ ಇಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಶ್ರೀ ಕೆ.ಪಿ. ರಾವ್ ಅವರು ಕನ್ನಡಕ್ಕೊಂದು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ, ಉಚ್ಚಾರಕ್ಕನುಗುಣವಾಗಿ ಕನ್ನಡವನ್ನೆಲ್ಲ ಅಡಗಿಸಿದ ಸರಳ ಉಪಾಯ ಅದು. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತಿದರೆ ಮುಗಿಯಿತು. ಒತ್ತಕ್ಷರಕ್ಕೆ ಎಫ್ ಕೀಲಿ ಕೊಂಡಿ. ಅಲ್ಪಸ್ವಲ್ಪ ಮಾರ್ಪಾಡಿನೊಂದಿಗೆ ಕರ್ನಾಟಕ ಸರಕಾರವು ಇದನ್ನು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದನ್ನು ಅಳವಡಿಸಿಕೊಂಡಿತು. ಆಮೇಲೆ ಒಳಗಿನ ವ್ಯವಸ್ಥೆಯೇ ಬದಲಾಯಿತು, ಹಳೆಯ ಸಂಕೇತಗಳ ಬದಲು ಯುನಿಕೋಡ್ ಬಂದಿತು. ಆದರೆ ಎಫ್ ಕೀಲಿ ಇದ್ದಲ್ಲೇ ಇದೆ. ಅಂದು ಕಲಿತ ಬೆರಳು ಇಂದಿಗೂ ತಪ್ಪುವುದಿಲ್ಲ. ಕೋಟಿಗಟ್ಟಲೆ ಹಣ ಸುರಿಯುವ ಕಂಪೆನಿಗಳಿಗೆ ಇಷ್ಟು ವಿವೇಕ ಏಕಿಲ್ಲವೆಂಬುದು ನಮಗೆ ಸೋಜಿಗ.

ಹಾಗೆಂದು ಹಳೆಯದೆಲ್ಲವನ್ನೂ ಹೊಗಳುವ ಹಟ ನಮ್ಮದಲ್ಲ. ಹಳೆಯ ‘ನುಡಿ’, ‘ಬರಹ’ಗಳ ಲಿಪಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಲಿಪಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಅರ್ಜಿಯು ಅರ್ಥವಿಲ್ಲದ ಪರಭಾಷೆಯ ಅಕ್ಷರರಾಶಿಯಾಗಿ ಕಾಣುತ್ತದೆ. ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಕಚೇರಿಯ ಪರದೆಯ ಮೇಲೆ ಓದಲಾಗದ ಅರ್ಜಿಗೆ ಆ ಹಕ್ಕಿನಿಂದ ಏನು ಪ್ರಯೋಜನ? 1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡ ಯುನಿಕೋಡ್ ಈ ತೊಡಕನ್ನು ಪರಿಹರಿಸುತ್ತದೆ. ಆದ್ದರಿಂದ ಆ ಬದಲಾವಣೆಗೆ ನಮ್ಮ ಸ್ವಾಗತವಿದೆ. ಬೆಂಬಲ ನಿಂತ ಕಂಪ್ಯೂಟರನ್ನು ಅಂತರ್ಜಾಲಕ್ಕೆ ಜೋಡಿಸಿ ಬ್ಯಾಂಕಿನ ವ್ಯವಹಾರ ನಡೆಸುವುದೂ ಅಪಾಯಕರವೇ.

ನೆರೆಯ ಮಲಯಾಳಿಗಳೂ ಇಂಥ ಕಷ್ಟವನ್ನು ಉಂಡವರೇ. ಬೆರಳಚ್ಚು ಯಂತ್ರಕ್ಕೆ ಹೊಂದಲೆಂದು 1971ರಲ್ಲಿ ಅವರ ಲಿಪಿಯನ್ನೇ ಮಾರ್ಪಡಿಸಲಾಗಿತ್ತು; ಕಂಪ್ಯೂಟರು ಬಂದ ಮೇಲೆ ಹಳೆಯ ಕೂಡಕ್ಷರಗಳು ಮರಳಿ ಬಂದವು.

ಪ್ರಕೃತ ಆಗಬೇಕಾದುದು ಇಷ್ಟು. ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಅರಿಯದು. ಅದನ್ನು ಬಿಡಿರೆಂದು ಹೇಳುವ ಮೊದಲು, ಅಗ್ಗವಾಗಿ ದೊರೆಯುವ ಬದಲಿ ತಂತ್ರಾಂಶವೊಂದನ್ನು ಗಡಿನಾಡಿನ ಅಕ್ಷರ ಜೋಡಣೆಗಾರರಿಗೆ ಕಲಿಸಿಕೊಡುವ ಏರ್ಪಾಡನ್ನು ಕರ್ನಾಟಕ ಸರಕಾರ ಮಾಡಬೇಕು. ಶಿಬಿರ ಬೆಂಗಳೂರಿನಲ್ಲಿ ನಡೆದರೆ ಸಾಲದು, ಕಾಸರಗೋಡಿನಲ್ಲೇ ನಡೆಯಬೇಕು. ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಕೈಬಿಡದೆ ಸುಸ್ಥಿತಿಯಲ್ಲಿಡಬೇಕು. ಕೀಲಿಮಣೆಯನ್ನು ಯಾರೂ ಮುಟ್ಟಬಾರದು. ನಮ್ಮ ಕನ್ನಡ ಸಂಘಗಳೂ ಯಕ್ಷಗಾನ ಮಂಡಳಿಗಳೂ ತಮ್ಮ ಸ್ಮರಣ ಸಂಚಿಕೆ, ಪ್ರಸಂಗ, ನಡಾವಳಿಗಳ ಕಡತಗಳು ಯಾವ ಅಂಗಡಿಯ ಯಾವ ಕಂಪ್ಯೂಟರಿನಲ್ಲಿವೆಯೆಂದು ಈಗಲೇ ವಿಚಾರಿಸಿ ಪ್ರತಿ ಪಡೆಯುವುದು ಒಳ್ಳೆಯದು. ಅಂಗಡಿಯವರು ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಈ ಕೆಲಸ ಆಗಲಿ.