ದುಡ್ಡು ಹೆಚ್ಚು ಕೊಟ್ಟರೂ ಕುಡಿಯಲು ನೀರಿಲ್ಲ

ಬೆಳಗಿನ ಆರೂವರೆ. ಸಿಂಧನೂರಿನಿಂದ ರಾತ್ರಿ ಬಸ್ಸು ಹತ್ತಿದ್ದ ನಾವು ಏಳು ಮಂದಿ ಬೆಂಗಳೂರಿನ ಹೊರವಲಯದ ಒಂದು ವಾಟರ್ ಪಾರ್ಕ್ ರೆಸಾರ್ಟಿನ ಗೇಟಿನ ಮುಂದೆ ನಿಂತಿದ್ದೆವು. ಜತೆಗೆ ಮಸ್ಕಿಯ ನಮ್ಮ ಸೋದರತ್ತೆ, ಇಬ್ಬರು ಮಕ್ಕಳು. ಮುಂಗಡವಾಗಿ ದುಡ್ಡು ಕಟ್ಟಿದ್ದ ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಬಿಡಬೇಕಾದದ್ದು ಮರುದಿನ ಹನ್ನೊಂದಕ್ಕೆ. ಮೂರು ವರ್ಷದ ಹಿಂದೆ ಇದೇ ಜಾಗಕ್ಕೆ ಬಂದಾಗ, ದೂರದಿಂದ ಬಂದವರೆಂದು ಕೈಕಾಲು ತೊಳೆದು ಬಟ್ಟೆ ಬದಲಿಸಲು ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿತ್ತು. ಬಸ್ ಇಳಿದಲ್ಲಿಗೇ ವ್ಯಾನ್ ಬಂದಿತ್ತು. ಈ ಸಲ ಬಾಡಿಗೆ ಏರಿದೆ, ಮೂರೂ ಸೌಲಭ್ಯಗಳಿಲ್ಲ. ಕೋಣೆ ಬೇಗ ಬೇಕೆಂದರೆ ಅದಕ್ಕೆ ಬೇರೆ ದುಡ್ಡು.

ಆಮೇಲೆ ಚೀಲ ಬಿಚ್ಚಿಸಿದರು. ಅತ್ತೆಯ ಬುತ್ತಿಯಲ್ಲಿದ್ದದ್ದು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ. ಆಕೆಗೆ ಸಕ್ಕರೆ ಕಾಯಿಲೆ. ‘ಯಪ್ಪಾ, ಇದು ನನಗ ಗುಳಿಗಿ ಇದ್ದಂಗ, ಹೊತ್ತಿಗೆ ತಿನ್ನಲಿಲ್ಲಂದ್ರ ಕಣ್ಣು ಕತ್ತಲಿ ಬರ್ತದ’ ಅಂದರು. ಗೇಟಿನಲ್ಲಿದ್ದ ಹುಡುಗ ನಮ್ಮ ಕಡೆಯವನೇ, ಲಿಂಗಸುಗೂರು ತಾಲ್ಲೂಕಿನವನು. ತಲೆ ಬಗ್ಗಿಸಿ, ‘ನಾ ಏನ್ ಮಾಡ್ಲಿ ಯಮ್ಮಾ, ಮ್ಯಾಲೆ ಕ್ಯಾಮೆರಾ ಅದಾವ’ ಅಂದ. ಬುತ್ತಿ ಹೊರಗೆ ಉಳಿಯಿತು. ಸ್ಟೀಲ್ ಬಾಟಲಿಯ ನೀರನ್ನೂ ಚೆಲ್ಲಿಸಿದರು. ಒಳಗೆ ಹೋಗಿ ನೋಡಿದರೆ, ಹಿಂದೆ ಕುಡಿಯುವ ನೀರಿನ ಯಂತ್ರವಿದ್ದ ಗೋಡೆಯ ಮೇಲೆ ನಾಲ್ಕು ಮೊಳೆ ತೂತು, ಕೆಳಗೆ ಬಿರಡೆ ಜಡಿದ ಪೈಪಿನ ತುದಿ. ಪಕ್ಕದಲ್ಲೇ ಬಾಟಲಿ ನೀರಿನ ಅಂಗಡಿ.

ರೆಸಾರ್ಟಿನ ಹೆಸರು ಹೇಳುವುದಿಲ್ಲ, ಏಕೆಂದರೆ ಇದು ಒಂದೇ ರೆಸಾರ್ಟಿನ ಕಥೆಯಲ್ಲ. ಇಂಥ ಕಡೆ ಹೋಗಿ ಬಂದವರನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಯಾವ ಊರಿನಲ್ಲಿ ಬೇಕಾದರೂ ಕೇಳಿ. ಸುಗ್ಗಿ ಮುಗಿದ ಮೇಲೆ, ಶಾಲೆಗೆ ರಜೆ ಬಿಟ್ಟ ಮೇಲೆ, ವರ್ಷಕ್ಕೊಮ್ಮೆ ಮಕ್ಕಳಿಗೆ ನೀರಾಟ ತೋರಿಸುವುದು ಇಲ್ಲಿನ ಮಧ್ಯಮ ವರ್ಗದ ಹೊಸ ಜಾತ್ರೆ. 1996ರಲ್ಲಿ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ, 2005ರಲ್ಲಿ ಬಿಡದಿಯ ವಂಡರ್‌ಲಾ, 2016ರಲ್ಲಿ ಹೈದರಾಬಾದಿನಲ್ಲಿ ಅದರದ್ದೇ ಇನ್ನೊಂದು ಪಾರ್ಕ್ ಶುರುವಾದವು. ನಾವು ಹೋಗಿದ್ದು ಇವ್ಯಾವಕ್ಕೂ ಅಲ್ಲ. ಇವುಗಳನ್ನು ನೋಡಿ ಹೆದ್ದಾರಿಯುದ್ದಕ್ಕೂ ಹುಟ್ಟಿಕೊಂಡ ನೂರಾರು ರೆಸಾರ್ಟುಗಳಲ್ಲಿ ಒಂದಕ್ಕೆ.

ದರ ಏರಿಸಿದ್ದಕ್ಕೆ ನನ್ನ ತಕರಾರಿಲ್ಲ. ಕರೆಂಟು, ಕೂಲಿ, ಯಂತ್ರಗಳ ದುರಸ್ತಿ ಎಲ್ಲದರ ಖರ್ಚೂ ಏರಿದೆ. ಸುರಕ್ಷತೆಗೆ ಹಾಕುವ ದುಡ್ಡಿನಲ್ಲಿ ಒಂದು ರೂಪಾಯಿಯನ್ನೂ ಉಳಿಸಬಾರದು. ನನ್ನ ಸಿಟ್ಟು ಬೇರೆಯದರ ಮೇಲೆ. ಮೊದಲು ದರದೊಳಗೇ ಇದ್ದ ನೀರು, ನೆರಳು, ತಿಂಡಿ, ಟವೆಲು, ಕೂರುವ ಬೆಂಚುಗಳನ್ನು ಒಂದೊಂದಾಗಿ ತೆಗೆದು, ತೆಗೆದದ್ದನ್ನೇ ನಮಗೆ ತಿರುಗಿ ಮಾರುತ್ತಾರೆ. ಹೀಗೆ ತೆಗೆದದ್ದೆಲ್ಲ ದೂರದಿಂದ ಬಂದವರಿಗೇ ಹೆಚ್ಚು ಬೇಕಾದವು. ಬೆಂಗಳೂರಿನವರು ಮನೆಯಲ್ಲೇ ಸ್ನಾನ, ತಿಂಡಿ ಮುಗಿಸಿ ಕಾರಿನಲ್ಲಿ ಹತ್ತು ಗಂಟೆಗೆ ಬರುತ್ತಾರೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವರಿಗೆ ಬೆಳಗಿನ ಆ ಒಂದು ಕೋಣೆ, ಒಂದು ತಟ್ಟೆ ಉಪ್ಪಿಟ್ಟು ಸೌಲಭ್ಯವಲ್ಲ, ಅಗತ್ಯ. ಒಂದೇ ಟಿಕೆಟ್ ದರ ಎನ್ನುತ್ತಾರೆ. ಲೆಕ್ಕ ಹಾಕಿದರೆ ಸಿಂಧನೂರಿನವರಿಗೆ ಒಂದು ದರ, ಬೆಂಗಳೂರಿನವರಿಗೆ ಇನ್ನೊಂದು.

ತೆರಿಗೆಯ ನೆಪವನ್ನೂ ನೋಡೋಣ. ಥೀಮ್ ಪಾರ್ಕ್, ವಾಟರ್ ಪಾರ್ಕುಗಳ ಪ್ರವೇಶದ ಮೇಲಿನ ಜಿಎಸ್‌ಟಿ 2018ರ ಜನವರಿಯಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ದಿನಕ್ಕೆ ₹7,500ರವರೆಗಿನ ಕೋಣೆಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5. ತಾವು ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶ ಇದರಲ್ಲಿ ಇಲ್ಲ ಎಂದು ಮಾಲೀಕರು ಹೇಳಬಹುದು, ಅದು ನಿಜವೂ ಹೌದು. ಆದರೆ ಕುಡಿಯುವ ನೀರಿನ ಯಂತ್ರ ಕಿತ್ತುಹಾಕಲು ಅದು ಕಾರಣವಾಗಲಾರದು. ಇನ್ನು ನಮ್ಮ ಕಡೆಯ ಗಳಿಕೆ ನೋಡಿ. ಸರ್ಕಾರ 2025-26ಕ್ಕೆ ಸಾಮಾನ್ಯ ಭತ್ತಕ್ಕೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ₹2,369. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನಿಗೆ ಆ ದರವೂ ಕೈಗೆ ಸಿಕ್ಕರೆ ಪುಣ್ಯ. ಇಬ್ಬರು ದೊಡ್ಡವರ ಟಿಕೆಟಿಗೇ ಒಂದು ಕ್ವಿಂಟಲ್ ಭತ್ತ ಕರಗುವಾಗ, ಮೇಲಿಂದ ಲಾಕರಿಗೆ ಇಷ್ಟು, ಈಜುಡುಗೆಗೆ ಇಷ್ಟು, ಟ್ಯೂಬಿಗೆ ಇಷ್ಟು ಎಂದು ಕೈ ಚಾಚಿದರೆ ಅಪ್ಪನಾದವನು ಮಕ್ಕಳ ಮುಂದೆ ಏನು ಹೇಳಬೇಕು?

ಎಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಸಾಲು. ಹೆಚ್ಚು ದುಡ್ಡು ಕೊಟ್ಟವರಿಗೆ ಬೇರೆ ಸಾಲು. ಅವರು ಬಂದಾಗೆಲ್ಲ ನಮ್ಮ ಸಾಲನ್ನು ತಡೆದು ಅವರನ್ನು ಹತ್ತಿಸುತ್ತಾರೆ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಂತ ನಮ್ಮ ಎಂಟು ವರ್ಷದ ಹುಡುಗಿ ‘ಅವರ್ಯಾಕ ಮೊದ್ಲು ಹೋಗ್ತಾರ?’ ಎಂದು ಕೇಳಿದಳು. ಉತ್ತರ ಅವಳ ಕೈಗೆ ಕಟ್ಟಿದ್ದ ಪಟ್ಟಿಯ ಬಣ್ಣದಲ್ಲಿತ್ತು. ಅಲ್ಲಿ ಮಾರಾಟವಾಗುತ್ತಿರುವುದು ನಮ್ಮ ಮಕ್ಕಳ ಹೊತ್ತು. ಅದನ್ನು ಮಾರುವ ಹಕ್ಕನ್ನು ನಾವು ಯಾರಿಗೂ ಕೊಟ್ಟಿರಲಿಲ್ಲ.

ಈ ವಿದ್ಯೆ ಅಮೆರಿಕದಿಂದ ಬಂದದ್ದು. ಡಿಸ್ನಿ ಕಂಪನಿ ತನ್ನ ಪಾರ್ಕುಗಳಲ್ಲಿ 1999ರಲ್ಲಿ ಶುರುಮಾಡಿದ, ಸಾಲು ತಪ್ಪಿಸುವ ‘ಫಾಸ್ಟ್‌ಪಾಸ್’ ಎಲ್ಲರಿಗೂ ಉಚಿತವಾಗಿತ್ತು. 2021ರಲ್ಲಿ ಅದು ಹೋಗಿ ದುಡ್ಡಿನ ಪಾಸ್ ಬಂತು. ಫ್ಲಾರಿಡಾದಲ್ಲಿ ವಿಮಾನ ನಿಲ್ದಾಣದಿಂದ ತನ್ನ ಹೋಟೆಲುಗಳಿಗೆ ಓಡಿಸುತ್ತಿದ್ದ ಉಚಿತ ಬಸ್ಸನ್ನು 2022ರ ಜನವರಿಯಲ್ಲಿ ನಿಲ್ಲಿಸಿತು. ನಮ್ಮ ರೆಸಾರ್ಟಿನ ವ್ಯಾನ್ ನಿಂತದ್ದಕ್ಕೂ ಇದಕ್ಕೂ ಎಷ್ಟು ಹೋಲಿಕೆ! ಆದರೆ ಅಲ್ಲಿ ಇನ್ನೊಂದೂ ನಡೆಯಿತು. ಹೋಟೆಲಿನಲ್ಲಿ ಉಳಿದವರ ಕಾರು ರಾತ್ರಿ ನಿಲ್ಲಿಸುವುದಕ್ಕೆ 2018ರಲ್ಲಿ ಹೇರಿದ್ದ ಶುಲ್ಕವನ್ನು, ಜನ ಬಿಡದೆ ಗೊಣಗಿದ ಮೇಲೆ, 2023ರ ಜನವರಿಯಲ್ಲಿ ಕೈಬಿಟ್ಟರು. ಅಷ್ಟು ದೊಡ್ಡ ಕಂಪನಿಯನ್ನೇ ಹಿಂದೆ ಸರಿಸಿದ್ದು ಗಿರಾಕಿಗಳ ಅಸಮಾಧಾನ.

ನಮ್ಮಲ್ಲಿ ಗೊಣಗುವುದಕ್ಕೆ ಕಾನೂನಿನ ಬಲವೂ ಇದೆ. ಚಿತ್ರಮಂದಿರಗಳು ಹೊರಗಿನ ತಿನಿಸನ್ನು ತಡೆಯಬಹುದು, ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಲೇಬೇಕು, ಹಸುಗೂಸಿನ ಆಹಾರಕ್ಕೆ ಅಡ್ಡಿ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಹೇಳಿದೆ. ಮೂರು ತಾಸಿನ ಸಿನಿಮಾಕ್ಕೇ ಈ ಮಾತಾದರೆ, ಮೇ ತಿಂಗಳ ಬಿಸಿಲಲ್ಲಿ ಇಡೀ ದಿನ ಒಳಗಿಡುವ ಪಾರ್ಕಿಗೆ ಅದು ಇನ್ನೂ ಹೆಚ್ಚು ಅನ್ವಯಿಸಬೇಕು. ಮೊದಲು ಕಡಿಮೆ ದರ ತೋರಿಸಿ, ಕೊನೆಗೆ ಒಂದೊಂದೇ ಶುಲ್ಕ ಸೇರಿಸುವ ಆನ್‌ಲೈನ್ ಬುಕಿಂಗ್ ಚಾಳಿಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

ರಾಜ್ಯ ಸರ್ಕಾರ ಏನು ಮಾಡಬೇಕೆಂಬುದೂ ಸ್ಪಷ್ಟ. ನೀರು, ಶೌಚಾಲಯ, ನೆರಳು, ಕಾಯಿಲೆಯವರ ಬುತ್ತಿ — ಇವಿಷ್ಟನ್ನು ಪರವಾನಗಿಯ ಷರತ್ತಾಗಿ ಬರೆಯಬೇಕು. ಒಳಗೆ ಆಗುವ ಎಲ್ಲ ಶುಲ್ಕಗಳ ಪಟ್ಟಿ ಬುಕಿಂಗ್ ಪುಟದಲ್ಲೂ ಗೇಟಿನಲ್ಲೂ ಕನ್ನಡದಲ್ಲಿ ಇರಬೇಕು. ಕೆಆರ್‌ಎಸ್ ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ ಥೀಮ್ ಪಾರ್ಕ್ ಮಾಡಲು ₹2,663 ಕೋಟಿಯ ಯೋಜನೆಗೆ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಣೆಕಟ್ಟಿನ ಸುರಕ್ಷತೆಯ ಪ್ರಶ್ನೆ ಎತ್ತಿ ಮಂಡ್ಯದ ರೈತರು ವಿರೋಧಿಸುತ್ತಿದ್ದಾರೆ. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು 2024ರ ಆಗಸ್ಟಿನಲ್ಲಿ ಕೊಚ್ಚಿಹೋದದ್ದನ್ನು ಕಂಡ ನಮಗೆ ಅವರ ಆತಂಕ ಅರ್ಥವಾಗುತ್ತದೆ. ಅದು ಬೇರೆಯದೇ ಚರ್ಚೆ. ಒಂದು ವೇಳೆ ಕಟ್ಟಿದರೆ, ಸಾರ್ವಜನಿಕ ತೋಟದಲ್ಲಿ ಕುಡಿಯುವ ನೀರಿಗೂ ದರ ಹಾಕದಂತೆ ಟೆಂಡರಿನಲ್ಲೇ ಬರೆಯಲಿ.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಹೆಸರೇ ಇರುವ ಶಾಸನ ಪತ್ತೆಯಾದದ್ದು 1915ರಲ್ಲಿ, ಚಿನ್ನ ಹುಡುಕುತ್ತ ಬಂದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ. ದಾರಿಯುದ್ದಕ್ಕೂ ಮನುಷ್ಯರಿಗೂ ಪಶುಗಳಿಗೂ ಬಾವಿ ತೋಡಿಸಿ, ಮರ ನೆಡಿಸಿದೆ ಎಂದು ಅದೇ ರಾಜ ಇನ್ನೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ದಾರಿಹೋಕರಿಗೆ ಸಲ್ಲುತ್ತಿದ್ದ ನೀರು-ನೆರಳಿಗೆ ನಾವಿಂದು ಬಿಲ್ಲು ಕಟ್ಟುತ್ತಿದ್ದೇವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆಯೂ 1915. ಮಸ್ಕಿಯವರಿಗೆ ನೆನಪಿಡುವುದು ಸುಲಭ.

ಸಹಾಯವಾಣಿಯಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಗ್ರಾಹಕ ರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಹೋಗಬೇಕು, ಅಷ್ಟೆ.

ನಮ್ಮ ಬುಕಿಂಗ್ ರಸೀದಿ, ಒಂಬತ್ತು ಬಾಟಲಿ ನೀರಿನ ಬಿಲ್ಲು, ಬಿರಡೆ ಜಡಿದ ಪೈಪಿನ ಫೋಟೊ ನನ್ನ ಬಳಿ ಇವೆ. ಬುತ್ತಿ ಬಿಡಿಸಿದ ಹೊತ್ತು ಯಾವುದೆಂದು ಅತ್ತೆ ತಾವೇ ಹೇಳಿ ಬರೆಸಿದ್ದಾರೆ. ಬರುವ ಸೋಮವಾರ ಇಬ್ಬರೂ ರಾಯಚೂರಿನ ಬಸ್ಸು ಹತ್ತುತ್ತೇವೆ.