ಯಾವ ಗ್ರೇಡಿನವರೆಗೆ ಕಲಿಸ್ತೀರಿ?

ಪುಣೆಯಲ್ಲೋ ಚೆನ್ನೈಯಲ್ಲೋ ಇರುವ ಒಂದು ಕನ್ನಡ ಮನೆ. ಎಂಟು ವರ್ಷದ ಮಗಳಿಗೆ ಪಿಯಾನೋ ಕಲಿಸಬೇಕೆಂದು ತೀರ್ಮಾನವಾಗಿದೆ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ವಿಚಾರಿಸಿದ ಮೇಲೆ ಹತ್ತಿರದ ಇಬ್ಬರು ಟೀಚರುಗಳ ನಂಬರು ಸಿಕ್ಕಿದೆ. ಅಪ್ಪ ಮೊದಲನೆಯವರಿಗೆ ಫೋನ್ ಮಾಡುತ್ತಾರೆ. ಆ ಕಡೆಯವರು ಮಗುವಿನ ಹೆಸರು ಕೇಳುವ ಮೊದಲೇ ಈ ಕಡೆಯಿಂದ ಪ್ರಶ್ನೆ ಹೋಗುತ್ತದೆ: ಯಾವ ಗ್ರೇಡಿನವರೆಗೆ ಕಲಿಸ್ತೀರಿ? ವರ್ಷಕ್ಕೆ ಒಂದು ಗ್ರೇಡ್ ಮುಗಿಯುತ್ತಲ್ಲವಾ?

ಹುಡುಕಾಟದ ದಾರಿ ತಪ್ಪುವುದು ಇಲ್ಲೇ. ಗುರುವನ್ನು ಹುಡುಕಲು ಹೊರಟವರು ಪರೀಕ್ಷೆಗೆ ತಯಾರು ಮಾಡುವವರನ್ನು ಗೊತ್ತು ಮಾಡಿಕೊಂಡು ಬರುತ್ತಾರೆ. ಹೀಗೆ ಕೇಳುವವರೇ ಹೆಚ್ಚಾದಾಗ ಕಲಿಸುವವರಿಗೂ ಬೇರೆ ದಾರಿ ಇರುವುದಿಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಗ್ರೇಡ್ 1ರಿಂದ 8' ಎಂದು ದಪ್ಪ ಅಕ್ಷರದಲ್ಲಿ ಬರೆಸುತ್ತಾರೆ. ಬರೆಸದವರ ಮನೆಗೆ ಮಕ್ಕಳು ಬರುವುದಿಲ್ಲ.

ಭಾರತದಲ್ಲಿ ಪಿಯಾನೋ ಕಲಿಯುವ ಮಕ್ಕಳು ಕೂರುವ ಪರೀಕ್ಷೆಗಳಲ್ಲಿ ಮುಖ್ಯವಾದವು ಲಂಡನ್ನಿನ ಎರಡು ಸಂಸ್ಥೆಗಳವು: ಒಂದು ಟ್ರಿನಿಟಿ ಕಾಲೇಜಿನದು, ಇನ್ನೊಂದು 1889ರಲ್ಲಿ ಶುರುವಾದ ಎಬಿಆರ್‌ಎಸ್‌ಎಂ ಮಂಡಳಿಯದು. ಎರಡರಲ್ಲೂ ಎಂಟು ಗ್ರೇಡುಗಳಿವೆ. ಎಬಿಆರ್‌ಎಸ್‌ಎಂನಲ್ಲಿ ಪರೀಕ್ಷಕರ ಎದುರು ಕೂತು ನುಡಿಸುವ ಪರೀಕ್ಷೆಯ ಒಟ್ಟು ಅಂಕ 150. ಅದರಲ್ಲಿ ಮೂರು ಕೃತಿಗಳಿಗೆ 90, ಸ್ಕೇಲುಗಳಿಗೆ 21, ಹಿಂದೆಂದೂ ಕಾಣದ ಸ್ವರಲಿಪಿ ನೋಡಿ ನುಡಿಸುವುದಕ್ಕೆ 21, ಕೇಳಿ ಗುರುತಿಸುವುದಕ್ಕೆ 18. ಪಾಸಾಗಲು 100 ಬೇಕು. ಈ ವಿಂಗಡಣೆಯಲ್ಲಿ ತಪ್ಪೇನೂ ಇಲ್ಲ. ಮಗು ವರ್ಷವಿಡೀ ಇಪ್ಪತ್ತು ಮೂವತ್ತು ಕೃತಿ ನುಡಿಸಿರುತ್ತದೆ, ಅದರಲ್ಲಿ ಮೂರನ್ನು ತಂದು ತೋರಿಸುತ್ತದೆ ಎಂಬ ನಂಬಿಕೆಯ ಮೇಲೆ ಇಂಥ ಪರೀಕ್ಷೆ ನಿಂತಿರುತ್ತದೆ.

ಎಷ್ಟೋ ಮನೆಗಳಲ್ಲಿ ಆಗುವುದು ಬೇರೆ. ಜೂನ್ ತಿಂಗಳಲ್ಲಿ ಮೂರು ಕೃತಿಗಳ ಪುಸ್ತಕ ಬರುತ್ತದೆ. ಮುಂದಿನ ಪರೀಕ್ಷೆಯವರೆಗೆ ಮಗು ನುಡಿಸುವುದು ಆ ಮೂರನ್ನೇ. ಲಿಪಿ ಓದುವುದು, ಕೇಳಿ ಗುರುತಿಸುವುದು ಕೊನೆಯ ಎರಡು ವಾರದ ಗಡಿಬಿಡಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡುತ್ತಾರೆ. ಇಲ್ಲಿ ಪಾತ್ರೆಯಲ್ಲಿ ಇರುವುದೇ ಮೂರಗುಳು.

ಇದರ ಫಲ ಕಾಣುವುದು ಐದಾರು ವರ್ಷದ ಮೇಲೆ. ಮಗಳು ಐದನೆಯ ಗ್ರೇಡ್ ಮುಗಿಸಿದ್ದಾಳೆ. ಗೌರಿ ಹಬ್ಬಕ್ಕೆ ಬಂದ ಅತ್ತೆ, "ಏನಾದರೂ ನುಡಿಸು ಪುಟ್ಟಿ, ಕೇಳೋಣ" ಅನ್ನುತ್ತಾರೆ. ಪರೀಕ್ಷೆಯ ಕೃತಿಗಳು ಮರೆತುಹೋಗಿವೆ. ಹೊಸ ಗ್ರೇಡಿನವು ಇನ್ನೂ ಕೂತಿಲ್ಲ. ಅತ್ತೆಯೇ ಒಂದು ಭಾವಗೀತೆ ಗುನುಗಿ, "ಇದನ್ನು ನುಡಿಸ್ತೀಯಾ?" ಅಂದರೆ ಮಗುವಿಗೆ ಅದರ ಮೊದಲ ಸ್ವರ ಯಾವ ಕೀ ಮೇಲಿದೆ ಎಂದು ಹುಡುಕಲು ತಿಳಿಯುವುದಿಲ್ಲ. ಐದು ಸರ್ಟಿಫಿಕೇಟುಗಳು ಗೋಡೆಯ ಮೇಲಿವೆ. ಹತ್ತನೆಯ ಕ್ಲಾಸು ಬಂದ ವರ್ಷ ವಾದ್ಯದ ಮೇಲೆ ಬಟ್ಟೆ ಬೀಳುತ್ತದೆ. ಬಟ್ಟೆಯ ಮೇಲೆ ಫೋಟೋಗಳು ಬಂದು ಕೂರುತ್ತವೆ. ಅಷ್ಟು ವರ್ಷದ ದುಡ್ಡು ಹೋದದ್ದು ದೊಡ್ಡ ನಷ್ಟವಲ್ಲ. ಸಂಗೀತವೆಂದರೆ ತಪ್ಪಿಲ್ಲದೆ ಒಪ್ಪಿಸಿ ಮರೆತುಬಿಡುವ ಪಾಠ ಎಂದು ಒಂದು ಮಗುವಿನ ಮನಸ್ಸಿನಲ್ಲಿ ಬೇರೂರಿತಲ್ಲ, ನಷ್ಟ ಅದು.

ಇದೇ ಮನೆಯವರು ತಮ್ಮ ಸಂಗೀತದ ವಿಷಯದಲ್ಲಿ ಇಂಥ ತಪ್ಪು ಮಾಡುವುದಿಲ್ಲ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದದ್ದು ಸವಾಯಿ ಗಂಧರ್ವರ ಪಾಠಕ್ಕಾಗಿ. ಮಲ್ಲಿಕಾರ್ಜುನ ಮನ್ಸೂರರ ಮಾತು ಬಂದರೆ ನೀಲಕಂಠಬುವಾ, ಮಂಜಿಖಾನ್, ಬುರ್ಜಿಖಾನ್ ಎಂಬ ಹೆಸರುಗಳು ಬರುತ್ತವೆ. ಪರೀಕ್ಷೆಗಳು ಇಲ್ಲೂ ಇವೆ. ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್. ಮುಂಬೈ, ಪುಣೆಯ ಮಕ್ಕಳಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಳದವು. ಆದರೂ ಹಾಡುವ ಹುಡುಗಿಯನ್ನು ಕಂಡರೆ ಹಿರಿಯರು ಮೊದಲು ಕೇಳುವುದು, "ಯಾರ ಹತ್ತಿರ ಪಾಠ?" ಎಂದು. ಪಿಯಾನೋ ಬಂದೊಡನೆ ಆ ಪ್ರಶ್ನೆ ಬಾಯಿಂದ ಹೊರಡುವುದಿಲ್ಲ.

ಕಾರಣ ಅಂಜಿಕೆ. ಹಾಡುವ ಮಗುವಿಗೆ ಶ್ರುತಿ ನಿಂತಿದೆಯೇ ಎಂದು ಅಜ್ಜಿ ಅಡುಗೆಮನೆಯಿಂದಲೇ ಹೇಳಬಲ್ಲರು. ಪಿಯಾನೋ ಮುಂದೆ ಅದೇ ಅಜ್ಜಿ, ಅದೇ ಅಪ್ಪ ಅಮ್ಮ ತಮ್ಮ ಕಿವಿಯನ್ನೇ ನಂಬುವುದಿಲ್ಲ. ಅದು ಪರದೇಶದ ವಾದ್ಯ, ಲಂಡನ್ನಿನವರು ಸಹಿ ಹಾಕಿದರೇ ಸರಿ ಎಂದುಕೊಳ್ಳುತ್ತಾರೆ. ಕನ್ನಡದವರಿಗೆ ಇಷ್ಟು ಹಿಂಜರಿಕೆ ಬೇಕಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ವಾದಕರಾಗಬೇಕೆಂದು ಕನಸು ಕಂಡವರು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿಯೂ ಅವರಿಗಿತ್ತು. ಲೋಕದ ಸಂಗೀತಗಾರರು ಇವತ್ತಿಗೂ ಅವರನ್ನು ನೆನೆಯುವುದು ಆ ಪದವಿಗಾಗಿ ಅಲ್ಲ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಣ ಮಾಡಿಸಿದ್ದಕ್ಕಾಗಿ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಈ ಮಹಾರಾಜರಿಗೇ ಅರ್ಪಿಸಿದರು. ಅದು ಕೇಳಬಲ್ಲ ಕಿವಿ ಮಾಡಿದ ಕೆಲಸ. ಸರ್ಟಿಫಿಕೇಟು ಅಂಥ ಕಿವಿಯನ್ನು ಕೊಡುವುದಿಲ್ಲ.

ಇವತ್ತು ಕನ್ನಡದವರು ನೆಲೆಸಿರುವ ಊರುಗಳಲ್ಲೂ ಪಾಶ್ಚಾತ್ಯ ಸಂಗೀತ ಕೇರಿಯ ಮೇಷ್ಟ್ರುಗಳ ಮೂಲಕವೇ ಬೆಳೆದಿದೆ. ಗೋವೆಯ ಚರ್ಚು ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತವರು ಮುಂಬೈಗೆ ಬಂದು ಹಿಂದಿ ಸಿನಿಮಾದ ವಾದ್ಯವೃಂದಗಳನ್ನು ತುಂಬಿದರು. ಅವರಲ್ಲೊಬ್ಬರಾದ ಆಂಥನಿ ಗೊನ್ಸಾಲ್ವಿಸ್ ಹತ್ತಿರ ಪಿಟೀಲು ಕಲಿತ ಹುಡುಗ ಮುಂದೆ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಆದರು. ಚೆನ್ನೈಯಲ್ಲಿ ಧನರಾಜ್ ಮಾಸ್ಟರ್ ಹತ್ತಿರ ಇಳಯರಾಜ ಪಾಠ ಹೇಳಿಸಿಕೊಂಡರು. ಎ.ಆರ್. ರೆಹಮಾನ್ ಕೂಡ ಅವರ ಶಿಷ್ಯರೇ.

ಇಳಯರಾಜರೂ ಟ್ರಿನಿಟಿ ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದವರಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಗಿಟಾರಿನಲ್ಲಿ. ಆದರೆ ಅದಕ್ಕೆ ಮೊದಲು ವರ್ಷಗಟ್ಟಲೆ ಅಣ್ಣನ ತಂಡದ ಜೊತೆ ಊರೂರು ಸುತ್ತಿ ನುಡಿಸಿದ್ದರು. ಸಂಗೀತ ಒಳಗೆ ತುಂಬಿದ ಮೇಲೆ ಪರೀಕ್ಷೆ ಬಂತು. ಪರೀಕ್ಷೆಯ ಪರವಾಗಿ ಹೇಳಬಹುದಾದ ಬೇರೆ ಮಾತುಗಳೂ ನಿಜವೇ. ಗುರುವಿಗೆ ಬೇಕಾದವರು, ಬೇಡದವರು ಎಂಬ ಭೇದ ಹೊರಗಿನ ಪರೀಕ್ಷಕರಿಗಿಲ್ಲ. ಸೋಮಾರಿ ಟೀಚರಿಗೂ ಅದೊಂದು ಗಡುವು. ಬ್ರಿಟನ್ನಿನಲ್ಲಿ ಓದಲು ಹೋಗುವವರಿಗೆ ಆರರಿಂದ ಎಂಟನೆಯ ಗ್ರೇಡಿನವರೆಗೆ ವಿಶ್ವವಿದ್ಯಾಲಯ ಪ್ರವೇಶದ ಅಂಕಗಳೂ ಸಿಗುತ್ತವೆ. ಹಾಗಾಗಿ ಪರೀಕ್ಷೆಯೇ ಬೇಡ ಎನ್ನುವುದು ಹಟದ ಮಾತಾದೀತು. ಮೊದಲ ಎರಡು ವರ್ಷ ಅದರ ಸುದ್ದಿ ಬೇಡ. ಆಮೇಲೆ ಯಾವಾಗ, ಯಾವ ಗ್ರೇಡ್ ಎಂಬುದನ್ನು ಟೀಚರ್ ಹೇಳಲಿ, ಮಗು ಒಪ್ಪಲಿ. ಪಕ್ಕದ ಫ್ಲ್ಯಾಟಿನ ಹುಡುಗ ಮೂರನೆಯ ಗ್ರೇಡಿನಲ್ಲಿದ್ದಾನೆ ಎಂಬುದು ಕಾರಣವಾಗದಿರಲಿ.

ಹಾಗಾದರೆ ಟೀಚರನ್ನು ಆರಿಸುವುದು ಹೇಗೆ? ಮೊದಲು ಹೋಗಿ ಒಂದು ಪಾಠ ನೋಡಬೇಕು. ಟೀಚರ್ ತಾವೇ ಕೂತು ನುಡಿಸಿ ತೋರಿಸುತ್ತಾರೆಯೇ? ಮಗುವಿನ ಕುರ್ಚಿಯ ಎತ್ತರ ನೋಡಿ ಮೊಣಕೈ ಕೀಗಳ ಮಟ್ಟಕ್ಕೆ ತರುತ್ತಾರೆಯೇ? ಪುಸ್ತಕ ತೆರೆಯುವ ಮೊದಲು ಮಗುವಿಗೆ ಗೊತ್ತಿರುವ ಒಂದು ಹಾಡನ್ನು ಕೀಗಳ ಮೇಲೆ ಹುಡುಕಿಸುತ್ತಾರೆಯೇ? ನಾಲ್ಕು ವರ್ಷದಿಂದ ಕಲಿಯುತ್ತಿರುವ ಶಿಷ್ಯರೊಬ್ಬರು ಪರೀಕ್ಷೆಯಲ್ಲಿಲ್ಲದ್ದನ್ನು ಏನಾದರೂ ನುಡಿಸಬಲ್ಲರೇ? ಇಷ್ಟನ್ನು ತಿಳಿಯಲು ಪೋಷಕರಿಗೆ ಸಂಗೀತ ಬರಬೇಕಾಗಿಲ್ಲ.

ಅಂಥವರು ಹತ್ತಿರದಲ್ಲೇ ಇರುತ್ತಾರೆ, ಜಾಹೀರಾತು ಕೊಟ್ಟಿರುವುದಿಲ್ಲ. ಭಾನುವಾರದ ಪೂಜೆಯಲ್ಲಿ ಆರ್ಗನ್ ನುಡಿಸುವವರು ಯಾರೆಂದು ಹತ್ತಿರದ ಚರ್ಚಿನಲ್ಲಿ ವಿಚಾರಿಸಬಹುದು. ಸಂಗೀತ ವಾದ್ಯಗಳ ಅಂಗಡಿಯವರನ್ನು, ಪಿಯಾನೋ ಶ್ರುತಿ ಮಾಡುವವರನ್ನು ಕೇಳಬಹುದು. ಯಾವ ಮನೆಯ ಪಿಯಾನೋ ದಿನವೂ ನುಡಿಯುತ್ತದೆ ಎಂದು ಶ್ರುತಿ ಮಾಡುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆನ್‌ಲೈನ್ ಪಾಠ ಸುಲಭ ನಿಜ. ಆದರೆ ಧ್ವನಿ ತಡವಾಗಿ ತಲುಪುವುದರಿಂದ ಗುರು ಶಿಷ್ಯ ಜೊತೆಯಾಗಿ ನುಡಿಸಲಾಗದು. ಮಗುವಿನ ಬಿಗಿದ ಮಣಿಕಟ್ಟನ್ನು ಮುಟ್ಟಿ ಸಡಿಲಿಸುವ ಕೈಯೂ ಅಲ್ಲಿರುವುದಿಲ್ಲ. ಬೇರೆ ಗತಿಯಿಲ್ಲದಾಗ ಮಾತ್ರ ಅದು ಸರಿ.

ಪೋಷಕರ ಪಾಲಿನ ಕರ್ತವ್ಯವೂ ಇದೆ. 61 ಕೀಗಳ ಹಗುರ ಕೀಬೋರ್ಡ್ ಕೊಡಿಸಿ ಪಿಯಾನೋ ಬರಲಿಲ್ಲ ಎಂದು ಗೊಣಗಬಾರದು. ಎಷ್ಟು ಬಲವಾಗಿ ಒತ್ತಿದರೆ ಎಷ್ಟು ಧ್ವನಿ ಎಂಬುದೇ ಪಿಯಾನೋದ ಜೀವ. 88 ಕೀಗಳ, ಒತ್ತಿದಾಗ ಭಾರ ಗೊತ್ತಾಗುವ ಡಿಜಿಟಲ್ ಪಿಯಾನೋ ಸಾಕು, ಮಳೆಗಾಲದ ತೇವಕ್ಕೆ ಅದರ ಶ್ರುತಿಯೂ ಕೆಡುವುದಿಲ್ಲ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಟಿವಿ ಆರಿಸಿ ಮಗುವಿನ ಪಕ್ಕದಲ್ಲಿ ಕೂರಬೇಕು. ಮದುವೆಗೆ ಊರಿಗೆ ಹೋದ ವಾರದ ಫೀಸನ್ನು ಟೀಚರಿಂದ ಹಿಡಿದುಕೊಳ್ಳಬಾರದು. ಆ ಗಂಟೆಯನ್ನು ಅವರು ಬೇರೆಯವರಿಗೆ ಕೊಟ್ಟಿರಲಿಲ್ಲ. ಕನ್ನಡ ಸಂಘಗಳೂ ಒಂದು ಕೆಲಸ ಮಾಡಬಹುದು. ರಾಜ್ಯೋತ್ಸವದ ವೇದಿಕೆಯ ಒಂದು ಮೂಲೆಯಲ್ಲಿ ಪಿಯಾನೋ ಇಟ್ಟು, ಹಾಡುವ ಮಕ್ಕಳ ಜೊತೆ ನುಡಿಸುವ ಮಕ್ಕಳನ್ನೂ ಕೂರಿಸಬಹುದು. ಅಂಕವಿಲ್ಲದೆ ನಾಲ್ಕು ಜನ ಕೇಳುತ್ತಾರೆ ಎಂದು ಗೊತ್ತಾದರೆ ಮಗು ನುಡಿಸಲು ಬೇರೆ ಕಾರಣ ಬೇಕಾಗುವುದಿಲ್ಲ.

ಎರಡನೆಯ ನಂಬರು ಇನ್ನೂ ಅಪ್ಪನ ಕೈಯಲ್ಲಿದೆ. ಈ ಸಲ ಮಗಳ ಹೆಸರು, ವಯಸ್ಸು ಹೇಳಿ, "ಮೊದಲ ದಿನ ಏನು ಮಾಡಿಸ್ತೀರಿ?" ಎಂದು ಕೇಳಲಿ. "ಪುಸ್ತಕ ತನ್ನಿ, ಫಾರಂ ತುಂಬಿ" ಎಂಬ ಉತ್ತರ ಬಂದರೆ ಇನ್ನೊಂದು ನಂಬರು ಹುಡುಕಲಿ. "ಅವಳಿಗೆ ಯಾವ ಹಾಡು ಇಷ್ಟ?" ಎಂದು ಆ ಕಡೆಯಿಂದ ಮರುಪ್ರಶ್ನೆ ಬಂದರೆ, ಮಗಳನ್ನು ಕರೆದುಕೊಂಡು ಅದೇ ಸಂಜೆ ಹೋಗಿಬರಲಿ.